ಕೆಲಸವೇ ವಿಗ್ರಹವಾಗಿದೆಯಾ? ಬಿಟ್ಟವರು ಅನುಭವ ಹೇಳಿ

ಪ್ರಶ್ನೆ ಕೇಳಿದವನು
ಎರಡು ವರ್ಷದಿಂದ ಕೆಲಸ ಬಿಟ್ಟರೆ ಬೇರೆ ಯೋಚನೆ ಇಲ್ಲ. ಪ್ರಾರ್ಥನೆಗೆ ಕೂತರೂ ಆಫೀಸೇ ತಲೆಯಲ್ಲಿ ಓಡುತ್ತದೆ. ಈಗ ಬಡ್ತಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿದರೆ ಭಾನುವಾರವೂ ಹೋಗಬೇಕು. ಇದು ಬರೀ ದಣಿವೋ, ದೇವರ ಜಾಗದಲ್ಲಿ ಕೂತ ವಿಗ್ರಹವೋ? ನಿಮಗೆ ಹೇಗೆ ಗೊತ್ತಾಯ್ತು?

ಫೋನ್ ಬಿಟ್ಟವನು
ಬ್ರದರ್, ನನ್ನದು ಫೋನು. ದಿನಕ್ಕೆ 4 ಗಂಟೆ 50 ನಿಮಿಷ. ಬೈಬಲಿಗೆ 10 ನಿಮಿಷ ಇರಲಿಲ್ಲ. ಮೊದಲ ಸಲ ಆ್ಯಪ್‌ಗಳನ್ನು ತೆಗೆದೆ, 6ನೇ ದಿನ ವಾಪಸ್ ಹಾಕಿದೆ. ಎರಡನೇ ಸಲ 19 ದಿನ ತಡೆದೆ. ಮೂರನೇ ಸಲ ಬಟನ್ ಫೋನ್ ತೆಗೆದುಕೊಂಡೆ. ವಾರವಿಡೀ ಖಾಲಿ ಜೇಬು ತಡವಿಕೊಳ್ಳುತ್ತಿದ್ದೆ. ಗೆಳೆಯರ ಗುಂಪಿನಿಂದ ಹೊರಬಂದಿದ್ದಕ್ಕೆ ಒಬ್ಬ ಗೆಳೆಯ ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ಸಿಕ್ಕಿತು. ಕೊನೆಯ ಸಲ ಮುಖ ನೋಡಲಾಗಲಿಲ್ಲ. ಆ ನೋವು ಇನ್ನೂ ಇದೆ. ಆದರೂ ಈಗ 14 ತಿಂಗಳು. ಒಂದೇ ಏಟಿಗೆ ಕಡಿಯಬೇಕು. ಜನ ಪೂಜಿಸಿದ ಚಿನ್ನದ ಕರುವನ್ನು ಮೋಶೆ ಸುಟ್ಟ, ಅರೆದು ಪುಡಿ ಮಾಡಿದ, ನೀರಿಗೆ ಹಾಕಿ ಜನರಿಗೆ ಕುಡಿಸಿದ (ವಿಮೋಚನಕಾಂಡ 32:20). ಒಂದು ಚೂರನ್ನೂ ಉಳಿಸಲಿಲ್ಲ.

ಒಬ್ಬ ತಾಯಿ
ಫೋನ್ ಬದಲಾಯಿಸಬಹುದು ತಮ್ಮಾ. ನನ್ನ ವಿಗ್ರಹ ಮಗನ ಮಾರ್ಕ್ಸು. ಬೈಬಲಿನ ಹನ್ನಳ ಹಾಗೆ ಬೇಡಿ ಪಡೆದ ಮಗು ಅವನು. ಎರಡು ವರ್ಷ ಸಂಡೇ ಸ್ಕೂಲ್ ಬಿಡಿಸಿದೆ, ಆ ಹೊತ್ತಿಗೆ ಟ್ಯೂಷನ್ ಇತ್ತು. 21 ದಿನ ಉಪವಾಸ ಮಾಡಿದೆ. ಅದರಲ್ಲಿ ಒಂದು ದಿನವೂ ಅವನ ಆತ್ಮಕ್ಕಾಗಿ ಅಲ್ಲ, ಎಲ್ಲಾ ಸೀಟಿಗಾಗಿ. ಸೀಟು ಸಿಗಲಿಲ್ಲ. 8 ತಿಂಗಳು ದೇವರ ಜೊತೆ ಮಾತು ಬಿಟ್ಟೆ. ಅಷ್ಟು ದಿನ ಯಾರ ಮುಂದೆ ಮೊಣಕಾಲೂರಿದ್ದೆ ಅಂತ ಆಗ ಗೊತ್ತಾಯ್ತು. ನನಗಿಂತ ನಿನ್ನ ಮಕ್ಕಳೇ ನಿನಗೆ ಹೆಚ್ಚಾದರಾ ಅಂತ ದೇವರು ಯಾಜಕ ಏಲಿಯನ್ನು ಕೇಳಿದ್ದನ್ನು (1 ಸಮುವೇಲ 2:29) ಓದಿ ಬೈಬಲ್ ಮುಚ್ಚಿಬಿಟ್ಟೆ. ಈಗ ಮಗ ಸಭೆಗೆ ಬರುವುದಿಲ್ಲ. "ಅಮ್ಮ, ಬೇಡ ಅಂದವಳು ನೀನೇ ಅಲ್ವಾ" ಅನ್ನುತ್ತಾನೆ.

ಹಾಡು ನಿಲ್ಲಿಸಿದವಳು
ನನ್ನದು ಸಭೆಯ ಒಳಗೇ ಇತ್ತು. 11 ವರ್ಷ ಆರಾಧನೆಯಲ್ಲಿ ಹಾಡಿದೆ. ಒಂದು ಭಾನುವಾರ ಬೇರೆ ಹುಡುಗಿಗೆ ಮೈಕ್ ಕೊಟ್ಟರು. ಅವತ್ತು ಒಂದು ಹಾಡಿಗೂ ನನ್ನ ಬಾಯಿ ತೆರೆಯಲಿಲ್ಲ. ಅವಳ ಶ್ರುತಿ ತಪ್ಪಿದ್ದನ್ನು ಎಣಿಸುತ್ತಾ ಕೂತಿದ್ದೆ, 7 ಸಲ. ಮೋಶೆ ದೇವರ ಮಾತಿನಂತೆ ಮಾಡಿದ ತಾಮ್ರದ ಸರ್ಪಕ್ಕೇ ಜನ ಧೂಪ ಹಾಕುತ್ತಿದ್ದರು, ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿದ (2 ಅರಸುಗಳು 18:4). ನಾನೂ ಹಾಡು ನಿಲ್ಲಿಸಿದೆ. ಮೂರು ವರ್ಷದಿಂದ ಕೊನೇ ಬೆಂಚು.

ಫೋನ್ ಬಿಟ್ಟವನು
ಸಿಸ್ಟರ್, ಇದು ತಪ್ಪು. ಫೋನ್ ಬೇರೆ, ದೇವರು ಕೊಟ್ಟ ವರ ಬೇರೆ. ಯಜಮಾನ ಕೊಟ್ಟ ತಲಾಂತು ಹಣವನ್ನು ಮಣ್ಣಲ್ಲಿ ಹೂತವನಿಗೆ ಏನಾಯ್ತು? ಮತ್ತಾಯ 25 ಓದಿ.

ಹಾಡು ನಿಲ್ಲಿಸಿದವಳು
ಸರ್ಪವೂ ದೇವರು ಕೊಟ್ಟದ್ದೇ ಅಲ್ವಾ? ನೀವು ಬಿಟ್ಟರೆ ವಿಶ್ವಾಸ, ನಾನು ಬಿಟ್ಟರೆ ಪಾಪವಾ? 6 ದಿನ, 19 ದಿನ, 14 ತಿಂಗಳು ಅಂತ ಲೆಕ್ಕ ಇಟ್ಟವರು ನೀವು. ಆ ಲೆಕ್ಕಕ್ಕೇ ಧೂಪ ಹಾಕುತ್ತಿದ್ದೀರಾ ನೋಡಿಕೊಳ್ಳಿ.

ಕೆಲಸ ಬಿಟ್ಟವನು
ಕಂಡಿದ್ದನ್ನೆಲ್ಲಾ ವಿಗ್ರಹ ಅನ್ನಬೇಡಿ. ಕೊಲೊಸ್ಸೆ 3:5 ವಿಗ್ರಹಾರಾಧನೆ ಅಂದದ್ದು ಲೋಭವನ್ನು, ದುಡಿಮೆಯನ್ನಲ್ಲ. ನಾನು 40ನೇ ವಯಸ್ಸಿನಲ್ಲಿ ಇನ್ನೊಬ್ಬರ ಮಾತು ಕೇಳಿ ಕೆಲಸ ಬಿಟ್ಟೆ. 22 ತಿಂಗಳು ಸಂಬಳ ಇಲ್ಲ. ಹೆಂಡತಿ ಎರಡು ಕಡೆ ದುಡಿದಳು. ನಾನು ದಿನಕ್ಕೆ ಮೂರು ಸಲ ಬ್ಯಾಂಕ್ ಖಾತೆ ನೋಡುತ್ತಿದ್ದೆ. ಕೆಲಸದಲ್ಲಿ ಇದ್ದಾಗ ತಿಂಗಳಿಗೆ ಒಂದು ಸಲವೂ ನೋಡಿರಲಿಲ್ಲ! ಕೆಲಸ ಹೋಯ್ತು, ಧನದ ಸೇವೆ ಜಾಸ್ತಿ ಆಯ್ತು. ಸಭೆಯ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲೇ, ನನ್ನ ಹೊರತು ಬೇರೆ ದೇವರು ಬೇಡ ಅನ್ನುವ ಮೊದಲನೇ ಆಜ್ಞೆಯನ್ನು ವಿವರಿಸುತ್ತಾ ಇದನ್ನೇ ಬರೆದ: ಮನಸ್ಸು ಯಾವುದಕ್ಕೆ ಅಂಟಿಕೊಂಡು ಅದನ್ನೇ ನೆಚ್ಚುತ್ತದೋ ಅದೇ ನಿನ್ನ ದೇವರು. ಯೆಹೆಜ್ಕೇಲ 14:3ರಲ್ಲೂ ಇಸ್ರಾಯೇಲಿನ ಹಿರಿಯರ ವಿಗ್ರಹ ಹೃದಯದಲ್ಲೇ ಇತ್ತು.

ಒಬ್ಬ ತಾಯಿ
ಯಾರ ಮಾತು ಕೇಳಿ ಬಿಟ್ಟಿರಿ ಅಣ್ಣಾ? ಪಾಸ್ಟರ್ ಹೇಳಿದರಾ? ಅವರ ಮಾತನ್ನು ದೇವರ ಮಾತಿಗಿಂತ ಮೇಲಿಟ್ಟರೆ ಅದೂ ವಿಗ್ರಹವೇ.

ಫೋನ್ ಬಿಟ್ಟವನು
ದೇವರ ಸೇವಕರನ್ನು ಇದರಲ್ಲಿ ಎಳೆಯಬೇಡಿ ಅಕ್ಕಾ. ನನ್ನ ಕಷ್ಟದಲ್ಲಿ ರಾತ್ರಿ ಎರಡು ಗಂಟೆಗೂ ಕರೆ ತೆಗೆದವರು ಪಾಸ್ಟರೇ.

ಒಬ್ಬ ತಾಯಿ
ನಿಮ್ಮ ಕರೆ ತೆಗೆದರು. ಮಗನನ್ನು ಒಂದು ಸಲ ಮಾತಾಡಿಸಿ ಅಂತ ನಾನು ಐದು ಸಲ ಕೇಳಿಕೊಂಡೆ, ನಮ್ಮ ಪಾಸ್ಟರ್ ಬರಲಿಲ್ಲ.

ಪ್ರಶ್ನೆ ಕೇಳಿದವನು
ದಯವಿಟ್ಟು ಜಗಳ ಬೇಡ. ಗುರುವಾರ ನಾನು ಉತ್ತರ ಕೊಡಬೇಕು. ಸಿಸ್ಟರ್ ಮೈಕ್ ವಿಷಯ ಬರೆದದ್ದು ನಾಟಿತು. ಬಡ್ತಿ ಬೇರೆಯವನಿಗೆ ಅಂತ ಸುದ್ದಿ ಹಬ್ಬಿದಾಗ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅವನು ತಪ್ಪು ಮಾಡಲಿ ಅಂತ ಕಾಯುತ್ತಿದ್ದೆ.

ಕೆಲಸ ಬಿಟ್ಟವನು
ಭಾನುವಾರ ಬಿಡುವು ಕೊಡುತ್ತಾರಾ ಅಂತ ಕೇಳಿದಿರಾ? ನಾನು ಅದನ್ನು ಕೇಳಲೇ ಇಲ್ಲ. ನೇರ ರಾಜೀನಾಮೆ ಬರೆದುಬಿಟ್ಟೆ.