ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಆಗಿ 40 ದಿನ, ಎನ್‌ಕೆ ಸೆಲ್ ನಾರ್ಮಲ್ ಅಂತೆ, ಹೊರಗೆ ತಿನ್ನಬೋದಾ?

ತುಮಕೂರ್_ತಂಗಿ:
ಅಣ್ಣಂಗೆ ಎಎಂಎಲ್ (ಒಂಥರ ರಕ್ತದ ಕ್ಯಾನ್ಸರ್), ನಾನೇ ಡೋನರ್, ಹಾಫ್ ಮ್ಯಾಚ್ ಅಂದ್ರೆ ನಮ್ಮಿಬ್ಬರ ಎಚ್‌ಎಲ್‌ಎ (ಸೆಲ್ ಮೇಲಿರೋ ಗುರುತಿನ ಪ್ರೋಟೀನ್) ಅರ್ಧ ಹೊಂದತ್ತೆ. ರಿಪೋರ್ಟಲ್ಲಿ ಎನ್‌ಕೆ ಸೆಲ್ (ಸೋಂಕು, ಕ್ಯಾನ್ಸರ್ ಸೆಲ್‌ಗಳನ್ನ ಕೊಲ್ಲೋ ಬಿಳಿ ರಕ್ತಕಣ) ನಾರ್ಮಲ್ ರೇಂಜಲ್ಲಿದೆ ಆದ್ರೆ ಸಿಡಿ4 (ಒಂಥರ ಟಿ ಸೆಲ್) ಪಾತಾಳದಲ್ಲಿದೆ, ಇದೇನು ಒಂದ್ ಬಂದು ಇನ್ನೊಂದ್ ಬರ್ದೇ ಇರೋದು? ಅವ್ನು ಆಗ್ಲೇ ಹೋಟ್ಲು ದೋಸೆ ಬೇಕು ಅಂತ ಹಠ.

ಲ್ಯಾಬ್_ಮೇಷ್ಟ್ರು:
ಅದೇ ಸರಿಯಾದ ಆರ್ಡರ್ ಕಣಮ್ಮ. ಲಿಂಫೋಸೈಟ್ ಅನ್ನೋ ರೋಗನಿರೋಧಕ ಬಿಳಿ ರಕ್ತಕಣಗಳಲ್ಲಿ ಮೊದ್ಲು ಬರೋದೇ ಎನ್‌ಕೆ, ಸಾಮಾನ್ಯವಾಗಿ ಒಂದೆರಡು ತಿಂಗಳೊಳಗೆ ಕೌಂಟ್ ಬಂದ್ಬಿಡತ್ತೆ. ಹೊಸ ಟಿ ಸೆಲ್ ಎದೆಯೊಳಗಿರೋ ಥೈಮಸ್ ಗ್ರಂಥಿಯಲ್ಲಿ ಪಳಗಿ ಬರ್ಬೇಕು, ದೊಡ್ಡವರಲ್ಲಿ ಥೈಮಸ್ಸೇ ಸೊರಗಿರತ್ತೆ ಅದಕ್ಕೇ ಸಿಡಿ4ಗೆ ವರ್ಷ ಆದ್ರೂ ಹಿಡಿಯತ್ತೆ. ಆದ್ರೆ ಎನ್‌ಕೆ ನಂಬರ್ ನೋಡಿ ಮೋಸ ಹೋಗ್ಬೇಡಿ, ಮೊದ್ಲು ಬರೋವು ಹೆಚ್ಚಾಗಿ ಸಿಡಿ56 ಬ್ರೈಟ್ ಅನ್ನೋ ಎಳಸು ಸೆಲ್‌ಗಳು, ಸೈಟೊಕೈನ್ (ಬೇರೆ ಸೆಲ್‌ಗಳಿಗೆ ಸಂದೇಶ ಕೊಡೋ ಪ್ರೋಟೀನ್) ಚೆನ್ನಾಗಿ ಸುರಿಸ್ತವೆ, ಕೊಲ್ಲೋ ಕೆಲಸ ಇನ್ನೂ ಅಷ್ಟಕ್ಕಷ್ಟೇ. ಎದುರಿನ ಸೆಲ್‌ನ ಎಚ್‌ಎಲ್‌ಎ ಗುರುತು ನೋಡೋ ಕೆಐಆರ್ ರಿಸೆಪ್ಟರ್‌ಗಳು ಎನ್‌ಕೆ ಮೇಲೆ ಸರಿಯಾಗಿ ಮೂಡೋಕೆ ತಿಂಗಳುಗಟ್ಲೆ ಬೇಕು.

ಎರಡನೇ_ಹುಟ್ಟುಹಬ್ಬ:
ನಂದೂ ಹೀಗೇ ಇತ್ತು, ಕೌಂಟ್ ಬಂತು ಅಂತ ಖುಷೀಲಿ ಒಂದ್ ಮದ್ವೆ ಊಟಕ್ಕೆ ಹೋದೆ, ವಾಂತಿ ಭೇದಿ ಆಗಿ ವಾಪಸ್ ವಾರ್ಡಿಗೆ 😅 ದೋಸೆ ಮನೇಲೇ ಹುಯ್ದು ಕೊಡಿ, ಹಸಿ ಚಟ್ನಿ ಬೇಡ, ಮಿಕ್ಕಿದ್ದು ಡಾಕ್ಟರ್ ಕೇಳಿ.

ತುಮಕೂರ್_ತಂಗಿ:
ಆಯ್ತು ಅಣ್ಣ. ಮೇಷ್ಟ್ರೇ, ನನ್ ಸೆಲ್ ಅವ್ನ ಕ್ಯಾನ್ಸರ್ ಮೇಲೆ ಏನಾದ್ರೂ ಕೆಲಸ ಮಾಡತ್ತಾ?

ಲ್ಯಾಬ್_ಮೇಷ್ಟ್ರು:
ಮಾಡ್ಬೋದು. ಇಟಲಿಯ ಪೆರೂಜಾ ತಂಡ 2002ರಲ್ಲಿ ಇದನ್ನೇ ತೋರಿಸಿದ್ದು, ಡೋನರ್ ಎನ್‌ಕೆ ಹುಡುಕೋ ಎಚ್‌ಎಲ್‌ಎ ಗುರುತು ರೋಗಿಯಲ್ಲಿ ಇಲ್ದಿದ್ರೆ ಎಎಂಎಲ್ ಮರುಕಳಿಸೋದು ಕಮ್ಮಿ ಅಂತ. ಆಮೇಲೆ ಬಂದ ರಿಸಲ್ಟ್‌ಗಳೆಲ್ಲ ಅಷ್ಟು ಒಂದೇ ಥರ ಇಲ್ಲ, ಟ್ರಾನ್ಸ್‌ಪ್ಲಾಂಟ್ ಮಾಡೋ ವಿಧಾನದ ಮೇಲೂ ಹೋಗತ್ತೆ. ನಿಮ್ಮಿಬ್ಬರ ಎಚ್‌ಎಲ್‌ಎ ರಿಪೋರ್ಟ್ ಇಟ್ಕೊಂಡು ಮುಂದಿನ ವಿಸಿಟ್‌ನಲ್ಲಿ ಕೇಳಿ.