ಅಲಬಾಮಾದ ಹಾಡುಗಾರಿಕೆ ಕಲಿಸಲು ಒಬ್ಬರನ್ನು ಕರೆಸಬೇಕು: ದುಡ್ಡು ಹೊಂದಿಸಿ ಗೊತ್ತಿರುವವರು ಅನುಭವ ಹೇಳಿ

ಪ್ರಶ್ನೆ (ಕಾರ್ಕ್, ಐರ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು, ಈಗ ಕಾರ್ಕ್‌ನಲ್ಲಿದ್ದೇನೆ. ಇಲ್ಲಿ ಸೇಕ್ರೆಡ್ ಹಾರ್ಪ್ ಹಾಡುವವರ ಗುಂಪೊಂದಿದೆ, ನಾನೂ ಹೋಗುತ್ತೇನೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಉಳಿದುಬಂದ ಹಳೆಯ ಹಾಡುಗಾರಿಕೆ. 1844ರಲ್ಲಿ ಜಾರ್ಜಿಯಾದ ಬಿ.ಎಫ್. ವೈಟ್ ಮತ್ತು ಇ.ಜೆ. ಕಿಂಗ್ ಹೊರತಂದ ಹಾಡಿನ ಪುಸ್ತಕದ ಹೆಸರೇ ಇದಕ್ಕೂ ಬಂದಿದೆ. ವಾದ್ಯ ಇಲ್ಲ. ಪ್ರೇಕ್ಷಕರೂ ಇಲ್ಲ, ಬಂದವರೆಲ್ಲ ಹಾಡಲೇಬೇಕು. ಟ್ರೆಬಲ್, ಆಲ್ಟೊ, ಟೆನರ್, ಬಾಸ್ ನಾಲ್ಕೂ ದನಿಯವರು ಚೌಕವಾಗಿ ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತಾರೆ. ಒಬ್ಬೊಬ್ಬರೇ ಮಧ್ಯಕ್ಕೆ ಬಂದು ತಮಗಿಷ್ಟವಾದ ಹಾಡನ್ನು ನಡೆಸುತ್ತಾರೆ. ಸ್ವರಗಳಿಗೆ ನಾಲ್ಕೇ ಆಕಾರ: ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರ. ನಮ್ಮಲ್ಲಿ ಗೀತೆ ಕಲಿಯುವಾಗ ಮೊದಲು ಸ್ವರ, ಆಮೇಲೆ ಸಾಹಿತ್ಯ ಅಲ್ವಾ? ಇಲ್ಲೂ ಹಾಗೇ.

2011ರಲ್ಲಿ ಕಾರ್ಕ್‌ನಲ್ಲೇ ಐರ್ಲೆಂಡ್‌ನ ಮೊದಲ ಸೇಕ್ರೆಡ್ ಹಾರ್ಪ್ ಸಮ್ಮೇಳನ ನಡೆದಿತ್ತು. ಈಗ ನಮ್ಮ ಗುಂಪಿಗೆ ಹೊಸಬರು ಜಾಸ್ತಿ ಬರುತ್ತಿದ್ದಾರೆ. ಅವರೆಲ್ಲ ರೆಕಾರ್ಡಿಂಗ್ ಕೇಳಿಕೊಂಡು ಕಲಿತವರು. ಇದರಲ್ಲೇ ಹುಟ್ಟಿ ಬೆಳೆದ ಒಬ್ಬರನ್ನು ಅಲಬಾಮಾದಿಂದ ಕರೆಸಿ ಎರಡು ದಿನದ ಶಾಲೆ ನಡೆಸಬೇಕು ಅಂತ ಆಸೆ. ನಮ್ಮ ಗುಂಪಿಗೆ ನೋಂದಣಿ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಗ್ರಾಂಟ್‌ಗೆ ಅರ್ಜಿ ಹಾಕಬೇಕಾ, ಚಂದಾ ಎತ್ತಬೇಕಾ? ಮಾಡಿದವರು ದಯವಿಟ್ಟು ಹೇಳಿ.

ಅಟ್ಲಾಂಟಾದಿಂದ

ಮೇಡಂ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಗ್ರಾಂಟ್ ವಿಷಯಕ್ಕೆ ಹೋಗುವ ಮೊದಲು, ಈ ಹಾಡುಗಾರಿಕೆ ಇಷ್ಟು ವರ್ಷ ತನ್ನ ಖರ್ಚನ್ನು ಹೇಗೆ ನಿಭಾಯಿಸಿದೆ ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಹಿಂದೆ ಊರೂರು ತಿರುಗುವ ಸಿಂಗಿಂಗ್ ಮಾಸ್ಟರ್‌ಗಳಿದ್ದರು. ಹೊಲದಲ್ಲಿ ಕಳೆ ಕೆಲಸ ಮುಗಿದು ಕೊಯ್ಲಿಗೆ ಇನ್ನೂ ಸಮಯ ಇರುವಾಗ ಒಂದು ಊರಿಗೆ ಬಂದು ಶಾಲೆ ಇಡುತ್ತಿದ್ದರು. ತಲೆಗಿಷ್ಟು ಅಂತ ಚಂದಾ, ಊಟ ವಸತಿ ಊರಿನವರದು. ಅಲಬಾಮಾದ ಸೀಬೋರ್ನ್ ಡೆನ್ಸನ್ ಮತ್ತು ಟಾಮ್ ಡೆನ್ಸನ್ ಅಣ್ಣತಮ್ಮಂದಿರು ಸಾವಿರಾರು ಜನಕ್ಕೆ ಹೀಗೇ ಕಲಿಸಿದರು. ಅಂದರೆ ಕಲಿಸುವವರಿಗೆ ದುಡ್ಡು ಕೊಡುವುದು ಈ ಸಂಪ್ರದಾಯಕ್ಕೆ ಹೊಸದೇನಲ್ಲ. ಹಾಡಲು ಬಂದವರಿಂದ ದುಡ್ಡು ವಸೂಲಿ ಮಾಡುವುದು ಮಾತ್ರ ಇಲ್ಲಿ ಯಾರಿಗೂ ಸರಿ ಕಾಣುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ.

ಅಲಬಾಮಾದ ಹೆನೆಗರ್ ಊರಿನ ಲಿಬರ್ಟಿ ಚರ್ಚ್‌ನಲ್ಲಿ ಜುಲೈ ಮೊದಲ ಭಾನುವಾರ ಮತ್ತು ಹಿಂದಿನ ದಿನ ಹಾಡುತ್ತಾರೆ. ಟಿಕೆಟ್ ಇಲ್ಲ. ಮಧ್ಯಾಹ್ನ ಊರಿನವರು ಮನೆಯಲ್ಲಿ ಮಾಡಿ ತಂದದ್ದನ್ನೆಲ್ಲ ಉದ್ದ ಮೇಜಿನ ಮೇಲೆ ಹರಡುತ್ತಾರೆ, ಬಂದವರೆಲ್ಲ ಬಡಿಸಿಕೊಳ್ಳಬಹುದು. ನಾನು ಹೋದಾಗ ಪಕ್ಕದ ಬೆಂಚಿನ ಅಜ್ಜಿ ಪುಸ್ತಕದ ಕಡೆ ನೋಡುತ್ತಲೇ ಇರಲಿಲ್ಲ. ತಾಳ ಹಾಕುತ್ತಿದ್ದ ಅವರ ಕೈ ಕೆಳಗೆ ಇಳಿದಾಗಲೆಲ್ಲ ಆಲ್ಟೊ ಸಾಲಿನ ದನಿ ಒತ್ತು ಹಿಡಿಯುತ್ತಿತ್ತು, ಮೇಲೆ ಹೋದಾಗ ಹಗುರಾಗುತ್ತಿತ್ತು. ಆ ಒತ್ತು ಪುಸ್ತಕದಲ್ಲಿ ಬರೆದಿರುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಸಿಗುವುದೂ ಕಷ್ಟ. ನೀವು ದುಡ್ಡು ಹೊಂದಿಸಬೇಕಾಗಿರುವುದು ಅಂಥವರ ಪಕ್ಕ ಕೂರುವುದಕ್ಕೆ.

ಅದಕ್ಕೇ ಹೇಳುತ್ತೇನೆ, ಇಲ್ಲಿಂದ ಒಬ್ಬರನ್ನು ಕರೆಸುವುದರ ಜೊತೆಗೆ ನಿಮ್ಮವರಲ್ಲಿ ಒಬ್ಬಿಬ್ಬರನ್ನು ಇಲ್ಲಿಗೆ ಕಳಿಸುವುದನ್ನೂ ಲೆಕ್ಕಕ್ಕೆ ಸೇರಿಸಿ. ಸೇಕ್ರೆಡ್ ಹಾರ್ಪ್ ಮ್ಯೂಸಿಕಲ್ ಹೆರಿಟೇಜ್ ಅಸೋಸಿಯೇಷನ್ ಅಂತ ಲಾಭಕ್ಕಲ್ಲದ ಸಂಸ್ಥೆ ಇದೆ. ಅವರು 2003ರಿಂದ ಅಲಬಾಮಾದಲ್ಲಿ ಕ್ಯಾಂಪ್ ಫಸೋಲಾ ಶಿಬಿರ ನಡೆಸುತ್ತಿದ್ದಾರೆ, ವಿದ್ಯಾರ್ಥಿವೇತನಕ್ಕೂ ದೇಣಿಗೆ ಎತ್ತುತ್ತಾರೆ. 2012ರಲ್ಲಿ ಅದೇ ಶಿಬಿರವನ್ನು ಪೋಲೆಂಡ್‌ನ ಖ್ಮ್ಯೆಲ್ನೋ ಊರಿನಲ್ಲಿ ನಡೆಸಿದರು. ಯೂರೋಪಿನ ಬೇರೆ ಬೇರೆ ದೇಶಗಳ ಹಾಡುಗಾರರು ಒಂದೇ ಕಡೆ ಕಲಿತರು. ಈ ದಾರಿ ನಿಮಗೂ ಹೊಂದುತ್ತದೆ. ಅಟ್ಲಾಂಟಿಕ್ ದಾಟುವ ಟಿಕೆಟ್ ಒಂದೇ ಇರಲಿ. ಇಂಗ್ಲೆಂಡ್, ಜರ್ಮನಿ, ಪೋಲೆಂಡ್ ಗುಂಪುಗಳನ್ನು ಈಗಲೇ ಕೇಳಿ. ಬಂದವರು ಮೂರು ನಾಲ್ಕು ಊರಲ್ಲಿ ಶಾಲೆ ನಡೆಸಿದರೆ ಆ ಟಿಕೆಟ್ ಯಾರಿಗೂ ಭಾರ ಆಗುವುದಿಲ್ಲ.

ವಾಷಿಂಗ್ಟನ್ ಡಿಸಿ ಹತ್ತಿರದಿಂದ

ಸಾಂಸ್ಕೃತಿಕ ವಿನಿಮಯದ ಗ್ರಾಂಟ್‌ಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಸರ್ಕಾರಿ ದುಡ್ಡಿನ ಬಗ್ಗೆ ಮಾತ್ರ ಹೇಳುತ್ತೇನೆ.

ಅಮೆರಿಕ ಸರ್ಕಾರ ತನ್ನ ಸಂಗೀತವನ್ನು ಹೊರದೇಶಕ್ಕೆ ಕಳಿಸುವುದು ಹಳೆಯ ರೂಢಿ. 1956ರಲ್ಲಿ ವಿದೇಶಾಂಗ ಇಲಾಖೆ ಡಿಜ್ಜಿ ಗಿಲೆಸ್ಪಿ ಅವರ ಜಾಝ್ ತಂಡವನ್ನು ಕಳಿಸಿತು. 1958ರಲ್ಲಿ ಡೇವ್ ಬ್ರೂಬೆಕ್ ಪೋಲೆಂಡ್‌ಗೂ ಹೋದರು, ನಮ್ಮ ದೇಶಕ್ಕೂ ಬಂದರು. ಈಚಿನ ಕಾಲದಲ್ಲಿ ಆ ಕೆಲಸ ಮಾಡಿದ್ದು ಅದೇ ಇಲಾಖೆಯ ಅಮೆರಿಕನ್ ಮ್ಯೂಸಿಕ್ ಅಬ್ರಾಡ್ ಅನ್ನುವ ಕಾರ್ಯಕ್ರಮ. ಆದರೆ ಅಲ್ಲಿ ಅರ್ಜಿ ಹಾಕುವವರು ಅಮೆರಿಕದ ತಂಡಗಳು. 'ನಮಗೆ ಇಂಥವರೇ ಬೇಕು' ಅಂತ ನೀವು ಕೇಳುವ ಬಾಗಿಲು ಅದಲ್ಲ.

ನಿಮಗೆ ಸಿಗಬಹುದಾದದ್ದು ಎರಡು. ಒಂದು, ಅಮೆರಿಕದ ರಾಯಭಾರ ಕಚೇರಿಯ ಸಾರ್ವಜನಿಕ ಸಂಪರ್ಕ ವಿಭಾಗ ಕೊಡುವ ಸಣ್ಣ ಗ್ರಾಂಟ್. ಇನ್ನೊಂದು ಫುಲ್‌ಬ್ರೈಟ್ ಸ್ಪೆಷಲಿಸ್ಟ್. ಇದರಲ್ಲಿ ಅಮೆರಿಕದ ಪರಿಣತರೊಬ್ಬರು 2ರಿಂದ 6 ವಾರ ಬಂದು ಕೆಲಸ ಮಾಡುತ್ತಾರೆ. ವಿಮಾನದ ಖರ್ಚು, ಗೌರವಧನ ಅವರು ಕೊಡುತ್ತಾರೆ, ಅಲ್ಲಿನ ವಸತಿ ಊಟ ಓಡಾಟ ಕರೆಸಿಕೊಂಡವರದು. ಕರೆಸುವವರು ಸಂಸ್ಥೆಯಾಗಿರಬೇಕು. ನಿಮ್ಮ ಗುಂಪಿಗೆ ಇದು ನೇರವಾಗಿ ಆಗಲ್ಲ. ಆದರೆ ಅಲ್ಲಿನ ವಿಶ್ವವಿದ್ಯಾಲಯದ ಸಂಗೀತ ವಿಭಾಗವೋ ಅಮೆರಿಕನ್ ಸ್ಟಡೀಸ್ ವಿಭಾಗವೋ ಆಹ್ವಾನ ಕೊಟ್ಟರೆ ದಾರಿ ಇದೆ. ಬಂದ ಪರಿಣತರು ವಾರದ ದಿನ ತರಗತಿಯಲ್ಲಿ ಕಲಿಸಲಿ, ವಾರಾಂತ್ಯ ನಿಮ್ಮ ಜೊತೆ ಹಾಡಲಿ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರದ ಗ್ರಾಂಟ್ ನೇರವಾಗಿ ಪಡೆಯುವ ಸಂಸ್ಥೆಗೆ ಸಾಮಾನ್ಯವಾಗಿ ಅವರ ನೋಂದಣಿ ಸಂಖ್ಯೆ ಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯಬಹುದು. ಆ ದುಡ್ಡಲ್ಲಿ ಟಿಕೆಟ್ ತೆಗೆದರೆ 'ಫ್ಲೈ ಅಮೆರಿಕ' ಕಾನೂನು ನೋಡಬೇಕು. ಸಾಮಾನ್ಯವಾಗಿ ಅಮೆರಿಕದ ವಿಮಾನ ಕಂಪನಿಯಲ್ಲೇ ಬರಬೇಕು, ವಿನಾಯಿತಿಗಳಿವೆ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಮೊದಲೇ ಕೊಂಡುಬಿಡಬೇಡಿ. ಇನ್ನೊಂದು, ಈ ಹಾಡುಗಳಲ್ಲಿ ಬಹುಪಾಲು ಐಸಾಕ್ ವಾಟ್ಸ್‌ರಂಥವರ ಕ್ರೈಸ್ತ ಸ್ತುತಿಗಳು. 'ಇದು ಪೂಜೆಯೋ ಸಂಗೀತವೋ' ಅಂತ ಗ್ರಾಂಟ್ ಕೊಡುವವರು ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. ಯಾವ ನಂಬಿಕೆಯವರೂ, ನಂಬಿಕೆ ಇಲ್ಲದವರೂ ಬಂದು ಹಾಡುತ್ತಾರೆ, ನಾವು ಕಲಿಸುವುದು ಓದುವ ಮತ್ತು ಹಾಡುವ ಕ್ರಮ ಅಂತ ಅರ್ಜಿಯಲ್ಲೇ ಬರೆಯಿರಿ.

2025ರ ಫೆಬ್ರವರಿಯಲ್ಲಿ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣವನ್ನು ತಡೆಹಿಡಿಯಿತು. ಒಪ್ಪಿಗೆಯಾದ ದುಡ್ಡೂ ಬರದೆ ಎಷ್ಟೋ ಸಂಸ್ಥೆಗಳು ಒದ್ದಾಡಿದವು. ಸರ್ಕಾರದ ದುಡ್ಡು ಬಂದರೆ ಶಾಲೆ ದೊಡ್ಡದಾಗಲಿ, ಬರದಿದ್ದರೂ ಶಾಲೆ ನಡೆಯಲಿ. ಆ ಥರ ಯೋಜನೆ ಹಾಕಿ.

ಮೈಸೂರಿನಿಂದ

ನೋಡಮ್ಮ, ನನಗೆ ನಿಮ್ಮ ಹಾಡು ಗೊತ್ತಿಲ್ಲ. ಆದರೆ ಕನ್ನಡ ಕೂಟದವರು ಕರೆಸಿಕೊಂಡು ಹೊರದೇಶದಲ್ಲಿ ದೇವರನಾಮ ಕಲಿಸಿ ಬಂದಿದ್ದೇನೆ. ಬರುವವರ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಸಂಭಾವನೆ ಎಷ್ಟು, ಯಾವಾಗ ಅಂತ ಟಿಕೆಟ್‌ಗೆ ಮುಂಚೆಯೇ ಕಾಗದದಲ್ಲಿ ಬರೆದು ಕಳಿಸಿ. ಒಂದು ಊರಲ್ಲಿ ನನಗೆ ಕವರ್ ಕೊಟ್ಟದ್ದು ವಾಪಸ್ ಹೊರಟಾಗ, ಏರ್‌ಪೋರ್ಟ್ ಬಾಗಿಲಲ್ಲಿ. ಅಲ್ಲಿ ನಿಂತು ಬಿಚ್ಚಿ ಎಣಿಸುವುದಕ್ಕಾಗುತ್ತಾ? ಮಾತಾಡಿದ್ದಕ್ಕಿಂತ ಕಡಿಮೆ ಇತ್ತು ಅಂತ ವಿಮಾನದಲ್ಲಿ ಗೊತ್ತಾಯಿತು. ಪ್ರೀತಿಯಿಂದ ಬರುವವರು ದುಡ್ಡು ಕೇಳುವುದಿಲ್ಲ, ಅದಕ್ಕೇ ನೀವೇ ಮೊದಲು ಹೇಳಬೇಕು. ಎರಡು ದಿನ ಕಲಿಸಲು ಬರುವವರು ತಮ್ಮ ಕೆಲಸ ಬಿಟ್ಟು ಒಂದು ವಾರ ಕಳೆದುಕೊಳ್ಳುತ್ತಾರೆ. ಆ ವಾರಕ್ಕೆ ಲೆಕ್ಕ ಹಾಕಿ.

ಎರಡನೆಯದು, ಒಂದೇ ಮನೆಯಲ್ಲಿ ಇಳಿಸಿ. ಪ್ರೀತಿಗೆ ದಿನಕ್ಕೊಂದು ಮನೆ ಅಂತ ಕರೆದುಕೊಂಡು ಹೋಗುತ್ತಾರೆ. ಎಲ್ಲರ ಮನೆಯಲ್ಲೂ ರಾತ್ರಿ ಹನ್ನೊಂದರವರೆಗೆ ಮಾತು, ಬೆಳಗ್ಗೆ ಗಂಟಲೇ ಇರುವುದಿಲ್ಲ. ಬಂದಿಳಿದ ದಿನ ಪಾಠ ಇಡಲೇಬೇಡಿ. ಇದಕ್ಕೆಲ್ಲ ಜಾಸ್ತಿ ದುಡ್ಡು ಬೇಕಾಗಿಲ್ಲ.

ಇನ್ನೊಂದು ಕೇಳುತ್ತೇನೆ. ಅವರು ವಾಪಸ್ ಹೋದ ಮೇಲೆ ನಿಮ್ಮಲ್ಲಿ ಪಾಠ ಮುಂದುವರಿಸುವವರು ಯಾರು? ನಾನು ಹೋದ ಊರುಗಳಲ್ಲಿ ಕೆಲವು ಕಡೆ ಇಬ್ಬರು ಮೂವರನ್ನು ಪಾಠ ಮುಗಿದ ಮೇಲೆ ನನ್ನ ಜೊತೆ ಕೂರಿಸುತ್ತಿದ್ದರು. ತಪ್ಪು ತಿದ್ದುವುದು ಹೇಗೆ, ಚಿಕ್ಕವರಿಗೆ ಎಲ್ಲಿಂದ ಶುರು ಮಾಡುವುದು, ಅದಷ್ಟೇ ಮಾತು. ಆ ಊರುಗಳಲ್ಲಿ ಇವತ್ತಿಗೂ ಪಾಠ ನಡೆಯುತ್ತಿದೆ. ಬರೀ ಸಭಾಂಗಣ ತುಂಬಿಸಿದ ಕಡೆ ಫೋಟೋ ಉಳಿದಿದೆ ಅಷ್ಟೇ.

ಇಂಗ್ಲೆಂಡಿನ ರೆಡಿಂಗ್‌ನಿಂದ

ನಾನು ಹಾಡುವುದು ಬಾರ್ಬರ್‌ಶಾಪ್, ವಾದ್ಯವಿಲ್ಲದೆ ನಾಲ್ಕು ದನಿಯಲ್ಲಿ ಹಾಡುವ ಶೈಲಿ, ಅದೂ ಅಮೆರಿಕದ್ದೇ. ಅದರ ಮೂಲ ಸಂಘ 1938ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಶುರುವಾಯಿತು, ಬ್ರಿಟನ್ನಿನ ಸಂಘ 1974ರಲ್ಲಿ. ನಮ್ಮದು ಸದಸ್ಯತ್ವದ ದುಡ್ಡು ಮತ್ತು ವಾರ್ಷಿಕ ಸಮ್ಮೇಳನದ ಮೇಲೆ ನಡೆಯುತ್ತದೆ. ಅಮೆರಿಕದ ತರಬೇತುದಾರರು ಸಮ್ಮೇಳನಕ್ಕೆ ಅಂತ ಬರುತ್ತಾರಲ್ಲ, ಆಗ ಹಿಂದೆ ಮುಂದೆ ಒಂದೆರಡು ದಿನ ಉಳಿಸಿಕೊಂಡು ನಮ್ಮ ಕೋರಸ್ ಪಾಠ ಹೇಳಿಸಿಕೊಳ್ಳುತ್ತದೆ. ನಮಗೆ ಬೀಳುವುದು ಆ ದಿನಗಳ ಖರ್ಚು ಮಾತ್ರ. ನಿಮ್ಮ ಶಾಲೆಯನ್ನೂ ಕಾರ್ಕ್ ಸಮ್ಮೇಳನಕ್ಕೆ ಅಂಟಿಸಿ ಇಡಿ. ಹೇಗೂ ಅಮೆರಿಕದಿಂದ ಹಾಡುಗಾರರು ಬರುತ್ತಿರುತ್ತಾರೆ.

ಗಡಿ ವಿಷಯ ಮರೆಯಬೇಡಿ. ಪ್ರವಾಸಿಯಾಗಿ ಬರುವುದು ಬೇರೆ, ಸಂಭಾವನೆ ತೆಗೆದುಕೊಂಡು ಕಲಿಸುವುದು ಬೇರೆ. ಬ್ರಿಟನ್‌ನಲ್ಲಿ ಆಹ್ವಾನ ಪತ್ರ ಇರುವ ಪರಿಣತರಿಗೆ ಒಂದು ತಿಂಗಳೊಳಗಿನ ಸಂಭಾವನೆಯ ಕೆಲಸಕ್ಕೆ ಅವಕಾಶ ಇದೆ. ಐರ್ಲೆಂಡ್‌ದು ಪೂರ್ತಿ ಬೇರೆ ನಿಯಮ. ಎರಡೂ ಕಡೆ ಶಾಲೆ ಇಟ್ಟರೆ ಎರಡೂ ಕಡೆಯ ಪತ್ರ ಅವರ ಕೈಯಲ್ಲಿರಬೇಕು.

ಕೇಳಿದವರು (ಕಾರ್ಕ್)

ಇಷ್ಟೊಂದು ಹೇಳಿದಿರಿ, ತುಂಬಾ ಥ್ಯಾಂಕ್ಸ್. ಮೈಸೂರಿನ ಟೀಚರ್ ಹೇಳಿದ ಕವರಿನ ವಿಷಯ ನಮ್ಮ ಗುಂಪಿನಲ್ಲಿ ಓದಿ ಹೇಳಿದೆ, ಎಲ್ಲರೂ ಸುಮ್ಮನಾದರು. ಒಂದು ಅನುಮಾನ. ಶಾಲೆಗೆ ಶುಲ್ಕ ಇಡಬಹುದು ಅಂತಾಯಿತು. ಆದರೆ ನಮ್ಮಲ್ಲಿ ವಿದ್ಯಾರ್ಥಿಗಳಿದ್ದಾರೆ, ಕೆಲಸ ಇಲ್ಲದವರೂ ಇದ್ದಾರೆ. ಅವರು ಹೊರಗುಳಿದರೆ ಏನು ಬಂತು?

ಹ್ಯಾಂಬರ್ಗ್‌ನಿಂದ

ಇಲ್ಲಿ ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚ್ ಹಾಡು) ವರ್ಕ್‌ಶಾಪ್‌ಗಳು ತುಂಬಾ ನಡೆಯುತ್ತವೆ. ಶುಕ್ರವಾರ ಸಂಜೆ ಶುರು, ಭಾನುವಾರ ಕಛೇರಿ, ಅದರ ಟಿಕೆಟ್ ದುಡ್ಡಲ್ಲಿ ಅರ್ಧ ಖರ್ಚು ಹುಟ್ಟುತ್ತದೆ. ನಿಮ್ಮದರಲ್ಲಿ ಪ್ರೇಕ್ಷಕರೇ ಇಲ್ಲ, ಹಾಗಾಗಿ ಅದನ್ನು ಬಿಡಿ. ದುಡ್ಡಿಗೋಸ್ಕರ ಕಛೇರಿ ಇಟ್ಟರೆ ಆ ಹಾಡಿನ ಗುಣವೇ ಹೋಗುತ್ತದೆ.

ಆದರೆ ಶುಲ್ಕದ ವಿಷಯದಲ್ಲಿ ನಾವು ಮಾಡುವುದು ನಿಮಗೂ ಆಗುತ್ತದೆ. ಲೆಕ್ಕವನ್ನು ಎಲ್ಲರ ಮುಂದೆ ಇಡುತ್ತೇವೆ. ಟಿಕೆಟ್ 900 ಯೂರೋ ಅಂತ ಇಟ್ಟುಕೊಳ್ಳಿ, 30 ಜನ ಇದ್ದರೆ ತಲಾ 30. ಸಂಭಾವನೆ, ಹಾಲ್ ಬಾಡಿಗೆ ಸೇರಿ ತಲಾ ಇಷ್ಟಾಗುತ್ತದೆ ಅಂತ ಬೋರ್ಡ್ ಮೇಲೆ ಬರೆಯುತ್ತೇವೆ. ಆಮೇಲೆ ಮುಚ್ಚಿದ ಕವರು. ಆದವರು ಎರಡರಷ್ಟು ಹಾಕಲಿ, ಆಗದವರು ಖಾಲಿ ಕವರ್ ಹಾಕಲಿ, ಯಾರೂ ನೋಡುವುದಿಲ್ಲ. ಲೆಕ್ಕ ಕಂಡರೆ ಜನ ಕೊಡುತ್ತಾರೆ. ಕೊರತೆ ಬಿದ್ದರೆ ಯಾರು ತುಂಬಬೇಕು ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಡಬ್ಲಿನ್‌ನಿಂದ

ಚುಟುಕಾಗಿ ಹೇಳುತ್ತೇನೆ. ಕಲ್ಚರ್ ಐರ್ಲೆಂಡ್‌ಗೆ ಅರ್ಜಿ ಹಾಕಿ ಸಮಯ ಕಳೆಯಬೇಡಿ, ಅದು ಐರಿಷ್ ಕಲೆಯನ್ನು ಹೊರಗೆ ಕಳಿಸುವುದಕ್ಕಿರುವುದು. ನಗರಸಭೆಯ ಕಲಾ ವಿಭಾಗವನ್ನು ಕೇಳಿ. ನಿಮಗೆ ನೋಂದಣಿ ಇಲ್ಲದ ಕಾರಣ ದುಡ್ಡು ಹಿಡಿದಿಡಲು ಒಂದು ನೋಂದಾಯಿತ ಸಂಸ್ಥೆ ಬೇಕು, ಸ್ಥಳೀಯ ಕಲಾ ಕೇಂದ್ರವಾದರೂ ಸರಿ. ಆ ಸಂಸ್ಥೆಗೆ ತೆರಿಗೆ ಇಲಾಖೆಯ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು. ಒಬ್ಬರು ವರ್ಷಕ್ಕೆ 250 ಯೂರೋ ಅಥವಾ ಜಾಸ್ತಿ ದೇಣಿಗೆ ಕೊಟ್ಟರೆ 31% ದರದ ಲೆಕ್ಕದಲ್ಲಿ ಸಂಸ್ಥೆಗೆ ತೆರಿಗೆ ವಾಪಸ್ ಬರುತ್ತದೆ.

ಅಟ್ಲಾಂಟಾದಿಂದ, ಮತ್ತೆ

ಅಮೆರಿಕದ ದಾನಿಗಳ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಇಲ್ಲಿನವರು ನೇರವಾಗಿ ಐರ್ಲೆಂಡ್ ಗುಂಪಿಗೆ ಕೊಟ್ಟರೆ ಸಾಮಾನ್ಯವಾಗಿ ಅವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಅಮೆರಿಕದಲ್ಲಿ ನೋಂದಣಿಯಾದ ಸಂಸ್ಥೆಯ ಮೂಲಕ ಬಂದರೆ ಸಿಗುತ್ತದೆ. ಪುಸ್ತಕಕ್ಕೂ ಸ್ವಲ್ಪ ಎತ್ತಿಡಿ. 1991ರ ಆವೃತ್ತಿ ಆದ ಮೇಲೆ 2025ರಲ್ಲಿ ಹೊಸದು ಬಂದಿದೆ, ಅದರ ಹೊಸ ಹಾಡುಗಳು ಹಳೆಯದರಲ್ಲಿ ಇಲ್ಲ. ಹೊಸಬರ ಕೈಗೆ ಪುಸ್ತಕ ಕೊಡದೆ ಶಾಲೆ ನಡೆಸಲಾಗದು. ಒಟ್ಟಿಗೆ ತರಿಸಿ, ಐರ್ಲೆಂಡ್‌ನಲ್ಲಿ ಮುದ್ರಿತ ಪುಸ್ತಕಕ್ಕೆ ವ್ಯಾಟ್ ಇಲ್ಲ.

ಕೇಳಿದವರು (ಕಾರ್ಕ್)

ನಿನ್ನೆ ಹಾಡಿದ ಮೇಲೆ ಎಲ್ಲರೂ ಕೂತು ಮಾತಾಡಿದೆವು. ಶಾಲೆಯನ್ನು ಸಮ್ಮೇಳನದ ಹಿಂದಿನ ದಿನಗಳಿಗೆ ಇಡುತ್ತೇವೆ. ಟಿಕೆಟ್ ಹಂಚಿಕೊಳ್ಳಲು ಇಂಗ್ಲೆಂಡ್ ಮತ್ತು ಜರ್ಮನಿ ಗುಂಪುಗಳಿಗೆ ಪತ್ರ ಹೋಗಿದೆ. ಸಂಭಾವನೆಯ ಪತ್ರ ಮೊದಲು, ಟಿಕೆಟ್ ಆಮೇಲೆ. ಮೈಸೂರಿನ ಟೀಚರ್ ಹೇಳಿದ ಹಾಗೆ ಸಂಜೆ ಪಾಠ ಮುಗಿದ ಮೇಲೆ ಬಂದವರ ಜೊತೆ ಕೂರಲು ಮೂವರ ಹೆಸರು ಬರೆದುಕೊಂಡೆವು, ಅದರಲ್ಲಿ ಇಬ್ಬರು ವಿದ್ಯಾರ್ಥಿಗಳು. ಮುಂದಿನ ಬೇಸಿಗೆ ಅವರಲ್ಲಿ ಒಬ್ಬರನ್ನಾದರೂ ಅಲಬಾಮಾ ಶಿಬಿರಕ್ಕೆ ಕಳಿಸಬೇಕು ಅಂತ ಡಬ್ಬಿಯೊಂದನ್ನು ಇಟ್ಟಿದ್ದೇವೆ.

ಕಾರ್ಕ್ ನಗರಸಭೆಯ ಕಲಾ ವಿಭಾಗಕ್ಕೆ ಅರ್ಜಿ ಬರೆದು ಗೊತ್ತಿರುವವರು ಯಾರಾದರೂ ಇದ್ದರೆ ನಮ್ಮ ಕರಡನ್ನು ಒಮ್ಮೆ ಓದಿ ಕೊಡುತ್ತೀರಾ?