ಸಹಾಯ ಬೇಕು: ಡೇಟಾ ಸಾಗಿಸುವ ಟೂಲ್‌ನಲ್ಲಿ ಪ್ರೋಗ್ರೆಸ್ ಹೇಗೆ ತೋರಿಸಲಿ?

ನಮಸ್ಕಾರ. ಗೂಗಲ್ ಡ್ರೈವ್‌ನಿಂದ ಒನ್‌ಡ್ರೈವ್‌ಗೆ ಕಂಪನಿಗಳ ಫೈಲುಗಳನ್ನು ಸಾಗಿಸುವ ಟೂಲ್ ಒಂದಕ್ಕೆ ನಾನು ಯುಎಕ್ಸ್ ಡಿಸೈನ್ (ಬಳಸುವವರಿಗೆ ಏನು, ಹೇಗೆ ಕಾಣಬೇಕು ಎಂಬ ವಿನ್ಯಾಸ) ಮಾಡುತ್ತಿದ್ದೇನೆ. ಬಳಸುವವರು ಐಟಿ ಅಡ್ಮಿನ್‌ಗಳು.

ದೊಡ್ಡ ತಲೆನೋವು ಪ್ರೋಗ್ರೆಸ್ ಬಾರ್. ಫೈಲುಗಳ ಲೆಕ್ಕದಲ್ಲಿ ತೋರಿಸಿದರೆ ಶೇ. 98ಕ್ಕೆ ಬಂದು, ಕೊನೆಯ ನಾಲ್ಕು ವಿಡಿಯೊಗಳಿಗಾಗಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಜಿಬಿ ಲೆಕ್ಕದಲ್ಲಿ ತೋರಿಸಿದರೆ ಉಲ್ಟಾ. ಸಾವಿರಾರು ಸಣ್ಣ ಫೈಲುಗಳು ಹೋಗುವಾಗ ಬಾರ್ ಅಲ್ಲಾಡುವುದೇ ಇಲ್ಲ. ಇದರ ಮೇಲೆ, ರಿಕ್ವೆಸ್ಟ್ ಜಾಸ್ತಿಯಾದರೆ ಆ ಕಡೆಯ ಸರ್ವರ್ 429 (‘ರಿಕ್ವೆಸ್ಟ್ ಅತಿಯಾಯಿತು’ ಎನ್ನುವ ಎರರ್ ಕೋಡ್) ಕಳಿಸುತ್ತದೆ. ನಾವು ಸುಮ್ನೆ ಕಾಯುತ್ತಿರುತ್ತೇವೆ, ಅಡ್ಮಿನ್ ಟೂಲ್ ಕೆಟ್ಟಿದೆ ಅಂದುಕೊಂಡು ಕ್ಯಾನ್ಸಲ್ ಒತ್ತುತ್ತಾರೆ! ಅವರದ್ದೂ ತಪ್ಪಲ್ಲ. 10 ಟಿಬಿ ಡೇಟಾ 100 ಎಂಬಿಪಿಎಸ್ ಲೈನಿನಲ್ಲಿ ಪೂರ್ತಿ ವೇಗದಲ್ಲಿ ಹೋದರೂ 9 ದಿನ ದಾಟುತ್ತದೆ. ಅಷ್ಟು ದಿನ ಒಂದು ಬಾರ್ ನೋಡುತ್ತಾ ಕೂರುವುದು ಯಾರಿಗೆ ಬೇಕು, ಅಲ್ವಾ?

ಇನ್ನೊಂದು, ಹೆಸರುಗಳದ್ದು. ಗೂಗಲ್ ಡ್ರೈವ್‌ನ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಬಹುದು. ಒನ್‌ಡ್ರೈವ್ ಒಪ್ಪುವುದಿಲ್ಲ. ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇದ್ದರೂ ಆಗುವುದಿಲ್ಲ. ಶುರುವಿಗೆ ಮುಂಚೆಯೇ ಇಂಥವುಗಳ ಪಟ್ಟಿ ಕೊಟ್ಟು ಒಪ್ಪಿಗೆ ಕೇಳಿದೆವು. ನಮ್ಮ ಟೂಲ್ ಬಳಸಿ ಪರೀಕ್ಷಿಸಲು ಕೂತವರು ಒಂದು ಸಾಲೂ ಓದದೆ 'ಸರಿ' ಒತ್ತಿದರು. ಹಾಗಾದರೆ ನಾವೇ ಹೆಸರು ಬದಲಿಸಿ, ಕೊನೆಯಲ್ಲಿ ವರದಿ ಕೊಟ್ಟರೆ ಸಾಕಾ? ನನಗ್ಯಾಕೋ ಧೈರ್ಯ ಬರುತ್ತಿಲ್ಲ.

ಇಂಥ ಸಾಗಣೆ ಖುದ್ದಾಗಿ ಮಾಡಿದ ಅಡ್ಮಿನ್‌ಗಳು ಯಾರಾದರೂ ಇದ್ದೀರಾ? ಬೆಳಗ್ಗೆ ಲಾಗಿನ್ ಆದ ತಕ್ಷಣ ಮೊದಲು ಏನು ನೋಡಬೇಕು ಅನ್ನಿಸುತ್ತಿತ್ತು, ದಯವಿಟ್ಟು ಹೇಳಿ.